ನಾಗನಿಗೆ ಬಿಟ್ಟ ನೆಲ

ಶ್ರಾವಣ ಶುದ್ಧ ಪಂಚಮಿಯ ದಿನ ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು, ಜೋಳದ ಅರಳು, ತಂಬಿಟ್ಟು, ನೆನೆಗಡಲೆ, ಹಾಲು ಇವುಗಳನ್ನು ತೆಗೆದುಕೊಂಡು ಹೊಲದ ಬದುವಿನ ಮೇಲಣ ಹುತ್ತಕ್ಕೆ ಹೋಗುವದು ವಾಚಕರೆಲ್ಲರೂ ಬಲ್ಲ ಸಂಗತಿ. ಆ ದಿನ ಎರೆಯ ಹೊಲದಲ್ಲಿ ನೇಗಿಲು ಹೂಡುವದಿಲ್ಲ; ಒಲೆಯ ಮೇಲೆ ಹಂಚು ಇಡುವದಿಲ್ಲ. ರೊಟ್ಟಿಗಳೆಲ್ಲ ಮುನ್ನಾದಿನವೇ ಬೆಂದಿರುತ್ತವೆ. ತವರಿಗೆ ಬಂದ ಮಗಳು ಬೇವಿನ ಮರದ ಜೋಕಾಲಿಯಲ್ಲಿ ಆಡುತ್ತಾಳೆ. ಹಬ್ಬ ಕಳೆದ ಮೇಲೆ ನೇಗಿಲು ಮತ್ತೆ ನೆಲಕ್ಕೆ ಇಳಿಯುತ್ತದೆ. ಭೀಮಾತೀರದ ಒಕ್ಕಲು ಮನೆತನಕ್ಕೆ ನಾಗನು ವರ್ಷಕ್ಕೊಮ್ಮೆ ಉಪಚಾರ ಪಡೆದು ಹೋಗುವ ಅತಿಥಿಯಾಗಿದ್ದಾನೆ.

ಇದೇ ಕರ್ನಾಟಕದ ಪಡುವಣ ಕಡಲಂಚಿನಲ್ಲಿ ನಡೆವಳಿಕೆಯೇ ಬೇರೆ. ಅಲ್ಲಿ ಪ್ರತಿಯೊಂದು ಹಳೆಯ ಮನೆತನದ ಭೂಮಿಯಲ್ಲಿಯೂ ಒಂದು ಮೂಲೆ ನಾಗನದು. ಆ ಮೂಲೆಯಲ್ಲಿ ಕೊಡಲಿ ಆಡಕೂಡದು. ಬಿದ್ದ ಕಟ್ಟಿಗೆಯನ್ನು ಕೂಡ ಒಲೆಗೆ ತರಕೂಡದು. ಅದಕ್ಕೆ ನಾಗಬನವೆಂದು ಹೆಸರು. ಅಲ್ಲಿಯ ನಾಗನು ಅತಿಥಿಯಾಗಿರದೆ ನೆಲದ ಹಿಂದಿನ ಒಡೆಯನಾಗಿದ್ದಾನೆ. ಮನುಷ್ಯನು ಆತನ ಒಕ್ಕಲಾಗಿದ್ದಾನೆ. ಒಂದೇ ಹಬ್ಬದ ಜನರಲ್ಲಿ ಈ ಭೇದವು ಹೇಗೆ ಉಂಟಾಯಿತು? ಹೊಸ ನಾಡಿಗೆ ಬಂದು ನೆಲೆಸಿದವರು ಅಲ್ಲಿ ಮೊದಲೇ ಇದ್ದ ಜೀವಿಗಳೊಡನೆ ಎಂಥ ಒಡಂಬಡಿಕೆಯನ್ನು ಮಾಡಿಕೊಂಡರು? ಆ ಒಡಂಬಡಿಕೆಯು ಇಂದು ಯಾವ ಸ್ಥಿತಿಯಲ್ಲಿದೆ? ಈ ಮೂರು ಪ್ರಶ್ನೆಗಳನ್ನು ಯಥಾಶಕ್ತಿ ಪರಾಮರ್ಶಿಸುವದು ಈ ಲೇಖನದ ಉದ್ದೇಶವು.

ನಾಡಿನ ಪ್ರಕೃತಿ

ಮೊದಲು ನೆಲದ ಗುಣವನ್ನು ನೋಡಬೇಕು. ಕಲಬುರಗಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೭೫೦ ಮಿಲಿಮೀಟರ್ ಮಳೆ ಬೀಳುತ್ತದೆ. ಅದೂ ಬಂದ ವರ್ಷ ಬಂತು, ಹೋದ ವರ್ಷ ಹೋಯಿತು. ಕರಾವಳಿಯಲ್ಲಿ ೩,೫೦೦ ಮಿಲಿಮೀಟರಿಗೂ ಮಿಕ್ಕಿದ ಮಳೆಯು ಬಹುಪಾಲು ಜೂನ್ ತಿಂಗಳಿನಿಂದ ಸಪ್ಟೆಂಬರದ ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿಯುತ್ತದೆ. ಉಳಿದ ಕಾಲವೆಲ್ಲ ಬೆವರು ಆರದ ಸೆಕೆ. ನೆಲವು ಕೆಂಪು ಮುರಕಲ್ಲಿನದು. ಆ ಕಲ್ಲು ತೂತುತೂತಾಗಿದ್ದು, ಅದರಲ್ಲಿ ಬಿಲಗಳಿಗೂ ಪೊಟರೆಗಳಿಗೂ ಬಡತನವಿಲ್ಲ. ತಗ್ಗಿನಲ್ಲಿ ಬತ್ತದ ಗದ್ದೆ, ಅದರ ಮೇಲೆ ಅಡಕೆಯ ತೋಟ, ಅದರ ಮೇಲೆ ಮನೆ, ಮನೆಯ ಬೆನ್ನಿಗೆ ಗುಡ್ಡ. ಇದು ಅಲ್ಲಿಯ ವಸತಿಯ ಸಾಮಾನ್ಯ ಕ್ರಮ.

ಇಂಥ ನೆಲದಲ್ಲಿ ಬತ್ತ ಬೆಳೆದ ಕ್ಷಣದಿಂದ ಇಲಿ ಹೆಗ್ಗಣಗಳು ಹೆಚ್ಚುತ್ತವೆ. ನೀರು ನಿಂತ ಕ್ಷಣದಿಂದ ಕಪ್ಪೆಗಳು ಹೆಚ್ಚುತ್ತವೆ. ಇಲಿಯನ್ನೂ ಕಪ್ಪೆಯನ್ನೂ ಹಿಂಬಾಲಿಸಿ ಹಾವು ಬರುತ್ತದೆ. ಹಗೇವಿನಲ್ಲಿ ಜೋಳ ತುಂಬಿಟ್ಟು ಇಲಿಗಳ ಕಾಟವನ್ನು ಅನುಭವಿಸಿದ ಒಕ್ಕಲು ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರು ಬಲವಾಗಿ ಹಿಡಿದಾಗ ತಗ್ಗಿನ ಬಿಲಗಳೆಲ್ಲ ನೀರು ತುಂಬುತ್ತವೆ. ಆಗ ಹಾವು ಒಣಗಿದ ಎತ್ತರದ ತಾಣವನ್ನು ಹುಡುಕುತ್ತದೆ. ಮನುಷ್ಯನೂ ತನ್ನ ಮನೆಯನ್ನು ಕಟ್ಟಿದ್ದು ಅಂಥ ತಾಣದಲ್ಲಿಯೇ. ಅದುದರಿಂದ ಕರಾವಳಿಯಲ್ಲಿ ಹಾವು ಮನುಷ್ಯನ ಮನೆಗೆ ಬಂತೆಂದು ಹೇಳುವದಕ್ಕಿಂತ, ಇಬ್ಬರೂ ಒಂದೇ ದಿಣ್ಣೆಯನ್ನು ಬಯಸಿದರೆಂದು ಹೇಳುವದೇ ಸರಿಯಾದೀತು.

ಅಲ್ಲಿಯ ಹಾವುಗಳೂ ಒಂದೆರಡು ಬಗೆಯವಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲಗಳು ವಿಷದಲ್ಲಿ ಪ್ರಸಿದ್ಧವಾದವು. ಕೇರೆಯೂ ಹೆಬ್ಬಾವೂ ನಿರ್ವಿಷವಾದವು. ಘಟ್ಟದ ತಪ್ಪಲಿನಲ್ಲಿ ಇವೆಲ್ಲವುಗಳ ಮೇಲೆ ಅರಸನಂತೆ ಕಾಳಿಂಗವಿದೆ. ಹಾವುಗಳನ್ನೇ ಮುಖ್ಯ ಆಹಾರವಾಗಿ ಉಳ್ಳ ಈ ಸರ್ಪವು ತರಗೆಲೆಗಳನ್ನು ಮೈಯಿಂದ ಒಟ್ಟಿ ಗೂಡು ಮಾಡಿ ಅದರಲ್ಲಿ ಮೊಟ್ಟೆಯಿಡುತ್ತದೆ. ಗೂಡು ಕಟ್ಟುವ ಹಾವು ಪ್ರಪಂಚದಲ್ಲಿ ಇದೊಂದೇ. ೨೦೨೪ರಲ್ಲಿ ಪ್ರಾಣಿಶಾಸ್ತ್ರಜ್ಞರು ಪಶ್ಚಿಮ ಘಟ್ಟದ ಕಾಳಿಂಗವು ಉಳಿದ ನಾಡುಗಳದಕ್ಕಿಂತ ಭಿನ್ನವಾದ ಜಾತಿಯೆಂದು ನಿರ್ಣಯಿಸಿದಾಗ ಅದಕ್ಕೆ ಕೊಟ್ಟ ಶಾಸ್ತ್ರೀಯ ನಾಮದಲ್ಲಿ ಈ ಕನ್ನಡದ ಹೆಸರನ್ನೇ ಇರಿಸಿದರು. ಹಳ್ಳಿಯವರ ಬಾಯಲ್ಲಿ ಬಹುಕಾಲದಿಂದ ಇದ್ದ ಹೆಸರು ಹೀಗೆ ಶಾಸ್ತ್ರದ ಮನ್ನಣೆಯನ್ನು ಪಡೆಯಿತು.

ಐತಿಹ್ಯ

ಈ ನಾಡಿಗೆ ಜನರು ಬಂದು ನೆಲೆಸಿದ ಬಗೆಯನ್ನು ಕುರಿತು ಎರಡು ಪ್ರಸಿದ್ಧ ಐತಿಹ್ಯಗಳಿವೆ. ಮಲೆಯಾಳದ ಕೇರಳೋತ್ಪತ್ತಿಯಲ್ಲಿ ಬರುವ ಕಥೆ ಹೀಗಿದೆ: ಪರಶುರಾಮನು ತನ್ನ ಕೊಡಲಿಯನ್ನು ಎಸೆದು ಕಡಲನ್ನು ಹಿಂದಕ್ಕೆ ಸರಿಸಿ ಹೊಸ ನೆಲವನ್ನು ಎತ್ತಿದನು. ಆ ನೆಲಕ್ಕೆ ಬ್ರಾಹ್ಮಣರನ್ನು ಕರೆತಂದನು. ಆದರೆ ನೆಲವೆಲ್ಲ ಸರ್ಪಮಯವಾಗಿದ್ದುದರಿಂದ ಬಂದವರು ನಿಲ್ಲಲಾರದೆ ಹಿಂದಿರುಗಿದರು. ಆಗ ಭಾರ್ಗವನು ಸರ್ಪಗಳನ್ನು ಕೊಲ್ಲಲಿಲ್ಲ. ಅವುಗಳಿಗೂ ನೆಲದಲ್ಲಿ ಒಂದು ಪಾಲನ್ನು ಬಿಟ್ಟುಕೊಡಬೇಕೆಂದೂ, ಅವುಗಳನ್ನು ಸ್ಥಳದೇವತೆಗಳೆಂದು ಪೂಜಿಸಬೇಕೆಂದೂ ಕಟ್ಟಳೆಯಿಟ್ಟು, ಮತ್ತೆ ಜನರನ್ನು ತಂದು ನೆಲೆಗೊಳಿಸಿದನು.

ತುಳುನಾಡಿನ ಗ್ರಾಮಪದ್ಧತಿಯಲ್ಲಿ ಅರಸನ ಹೆಸರು ಮಯೂರವರ್ಮ. ಆತನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಬರಮಾಡಿ ೩೨ ಗ್ರಾಮಗಳಲ್ಲಿ ಇರಿಸಿದನೆಂದೂ, ಅವರು ಒಮ್ಮೆ ಹಿಂದಿರುಗಿ ಹೋದರೆಂದೂ, ಅವರನ್ನು ಮರಳಿ ಕರೆತರಬೇಕಾಯಿತೆಂದೂ ಆ ಗ್ರಂಥವು ಹೇಳುತ್ತದೆ. ಎರಡು ಕಥೆಗಳಲ್ಲಿಯೂ ಸಮಾನವಾದ ಒಂದು ಅಂಶವನ್ನು ವಾಚಕರು ಗಮನಿಸಬೇಕು: ಮೊದಲ ಸಲ ಬಂದವರು ಅಲ್ಲಿ ನಿಲ್ಲಲಿಲ್ಲ. ತಮ್ಮ ಪೂರ್ವಿಕರು ಒಮ್ಮೆ ಸೋತು ಓಡಿದರೆಂಬ ಮಾತನ್ನು ಯಾವ ಕುಲವೂ ಹೊಗಳಿಕೆಗಾಗಿ ಕಟ್ಟಿಕೊಳ್ಳುವದಿಲ್ಲ. ಆದುದರಿಂದ ಕಥೆಯ ವಿವರಗಳು ಹೇಗೇ ಇರಲಿ, ಹೊಸ ನೆಲವು ಬಂದವರನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲವೆಂಬ ನೆನಪು ಅದರಲ್ಲಿ ಉಳಿದುಕೊಂಡಿರುವಂತೆ ತೋರುತ್ತದೆ.

ಈ ಐತಿಹ್ಯದ ಬೆಲೆಯು ಮಹಾಭಾರತದ ಇನ್ನೊಂದು ಕಥೆಯೊಡನೆ ಹೋಲಿಸಿದಾಗ ಹೆಚ್ಚು ಸ್ಪಷ್ಟವಾಗುವದು. ಪಾಂಡವರು ಖಾಂಡವಪ್ರಸ್ಥಕ್ಕೆ ಬಂದಾಗ ಅವರಿಗೂ ಕಾಡೇ ಎದುರಾಯಿತು. ಕೃಷ್ಣಾರ್ಜುನರು ಆ ಕಾಡನ್ನು ಅಗ್ನಿಗೆ ಒಪ್ಪಿಸಿ, ಹೊರಬರುವ ಪ್ರಾಣಿಗಳನ್ನು ಸುತ್ತಲೂ ನಿಂತು ತಡೆದರು. ಉಳಿದವರು ಎಣಿಕೆಗೆ ಬೆರಳಷ್ಟು: ತಕ್ಷಕನ ಮಗನಾದ ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕದ ಮರಿಗಳು. ತಕ್ಷಕನು ಆಗ ಕುರುಕ್ಷೇತ್ರಕ್ಕೆ ಹೋಗಿದ್ದರಿಂದ ಬದುಕಿದನು. ಮುಂದೆ ಅದೇ ತಕ್ಷಕನು ಅರ್ಜುನನ ಮೊಮ್ಮಗನಾದ ಪರೀಕ್ಷಿತನನ್ನು ಕಚ್ಚಿದನು. ಪರೀಕ್ಷಿತನ ಮಗನಾದ ಜನಮೇಜಯನು ಸರ್ಪಕುಲವನ್ನೇ ಹೋಮ ಮಾಡಲು ಹೊರಟನು. ತಾಯಿಯ ಕಡೆಯಿಂದ ನಾಗನೂ ತಂದೆಯ ಕಡೆಯಿಂದ ಬ್ರಾಹ್ಮಣನೂ ಆದ ಆಸ್ತೀಕನು ಬಂದು ಅದನ್ನು ನಿಲ್ಲಿಸಿದನು. ಒಂದು ಕಾಡನ್ನು ಸಂಪೂರ್ಣವಾಗಿ ಸುಟ್ಟ ಹಗೆಯು ಮೂರು ತಲೆಮಾರುಗಳನ್ನು ದಾಟಿ ನಡೆಯಿತು. ಖಾಂಡವದಲ್ಲಿ ಏನನ್ನೂ ಬಿಡಲಿಲ್ಲ; ಕರಾವಳಿಯಲ್ಲಿ ಒಂದು ಮೂಲೆಯನ್ನು ಬಿಟ್ಟರು. ಹೊಸ ನಾಡನ್ನು ಸೇರುವ ಈ ಎರಡು ದಾರಿಗಳನ್ನೂ ಭಾರತೀಯ ಪರಂಪರೆಯು ಮುಚ್ಚುಮರೆಯಿಲ್ಲದೆ ಮುಂದಿಟ್ಟಿದೆ.

ಶಾಸನಗಳ ಸಾಕ್ಷ್ಯ

ಐತಿಹ್ಯವು ಇತಿಹಾಸವಲ್ಲ, ಅದನ್ನು ಕಲ್ಲಿನ ಬರೆಹದೊಡನೆ ಒರೆಗೆ ಹಚ್ಚಬೇಕು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನವು ಕದಂಬ ವಂಶದ ಮೂಲವನ್ನು ಹೇಳುವ ಮುಖ್ಯ ಸಾಧನ. ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲಕ್ಕೆ, ಕುಬ್ಜನೆಂಬ ಕವಿಯು ಅದನ್ನು ರಚಿಸಿದನು. ಮಯೂರಶರ್ಮನು ವೇದಾಧ್ಯಯನಕ್ಕಾಗಿ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾದದ್ದು, ಆತನು ದರ್ಭೆ ಹಿಡಿಯುವ ಕೈಯಲ್ಲಿ ಶಸ್ತ್ರ ಹಿಡಿದು ರಾಜ್ಯವನ್ನು ಕಟ್ಟಿದ್ದು ಇವೆಲ್ಲ ಅದರಲ್ಲಿವೆ. ಆದರೆ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಕಡಲ ತೀರದಲ್ಲಿ ನೆಲೆಗೊಳಿಸಿದ ಮಾತು ಅದರಲ್ಲಿಲ್ಲ. ಅಹಿಚ್ಛತ್ರದ ಹೆಸರು ಕಾಣಿಸಿಕೊಳ್ಳುವದು ಎಷ್ಟೋ ಶತಮಾನಗಳ ಅನಂತರದ ಶಾಸನಗಳಲ್ಲಿ. ಅಲ್ಲಿಯೂ ಅರಸನ ಹೆಸರು ಮುಕ್ಕಣ್ಣ ಕದಂಬ, ವಿಪ್ರರು ಬಂದ ಊರು ಸ್ಥಾಣಗುಂದೂರು ಎಂಬ ತಾಳಗುಂದ.

ತುಳುನಾಡನ್ನು ಬಹುಕಾಲ ಆಳಿದವರು ಆಳುಪರು. ಭಾಸ್ಕರ ಆನಂದ ಸಾಲೆತ್ತೂರರು ೧೯೩೬ರಲ್ಲಿ ಪ್ರಕಟಿಸಿದ ತುಳುವ ಇತಿಹಾಸದಿಂದ ಮೊದಲುಗೊಂಡು, ಪಿ. ಗುರುರಾಜ ಭಟ್ಟರು ೧೯೭೫ರಲ್ಲಿ ಹೊರತಂದ ಬೃಹದ್ಗ್ರಂಥದ ವರೆಗೆ ಈ ವಿಷಯವು ವಿದ್ವಾಂಸರ ಚರ್ಚೆಗೆ ಒಳಪಟ್ಟಿದೆ. ಒಂದೇ ದಿನ, ಒಬ್ಬನೇ ಅರಸನ ಅಪ್ಪಣೆಯಿಂದ ೩೨ ಗ್ರಾಮಗಳು ಹುಟ್ಟಿದವೆಂದು ಇಂದು ಹೇಳುವಂತಿಲ್ಲ. ಜನರು ಹಲವು ಶತಮಾನಗಳಲ್ಲಿ, ಹಲವು ತಂಡಗಳಾಗಿ, ಘಟ್ಟ ಇಳಿದು ಬಂದರೆಂದು ತಿಳಿಯುವದೇ ಯುಕ್ತವು. ಅಹಿಚ್ಛತ್ರವೆಂದರೆ ಹಾವಿನ ಕೊಡೆ. ಉತ್ತರ ಪಾಂಚಾಲದ ಆ ಪುರಾತನ ನಗರವು ಈಗಿನ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯ ರಾಮನಗರದ ಬಳಿ ಇದ್ದಿತು. ಅಲ್ಲಿ ೧೯೪೦ರಿಂದ ೧೯೪೪ರ ವರೆಗೆ ಉತ್ಖನನಗಳೂ ನಡೆದವು. ಹಾವುಗಳ ನಡುವೆ ಬಾಳಬೇಕಾದ ಜನರು ತಮ್ಮ ತವರಿಗೆ ಹಾವಿನ ಹೆಸರಿನ ಊರನ್ನೇ ಆಯ್ದುಕೊಂಡದ್ದು ಅರ್ಥಗರ್ಭಿತವಾಗಿದೆ.

ಇನ್ನು ನಾಗಪೂಜೆಯನ್ನು ಬಂದವರು ತಂದರೋ, ಅಥವಾ ಇದ್ದವರಿಂದ ಕಲಿತರೋ? ಇದಕ್ಕೂ ಕಲ್ಲಿನ ಸಾಕ್ಷಿಯಿದೆ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಗಳ ನಾಗನ ಒಂದು ಶಿಲೆಯಿದೆ. ಅದರ ಮೇಲಣ ಪ್ರಾಕೃತ ಲೇಖವು, ಚುಟು ವಂಶದ ಅರಸನ ಮಗಳಾದ ಶಿವಸ್ಕಂದನಾಗಶ್ರೀ ಎಂಬವಳು ನಾಗನನ್ನೂ, ಕೆರೆಯನ್ನೂ, ವಿಹಾರವನ್ನೂ ದಾನ ಮಾಡಿದಳೆಂದು ತಿಳಿಸುತ್ತದೆ. ಚುಟುಗಳು ಕದಂಬರಿಗಿಂತ ಹಿಂದಿನವರು. ಅಂದರೆ ಮಯೂರಶರ್ಮನು ಹುಟ್ಟುವ ಮೊದಲೇ ಬನವಾಸಿಯಲ್ಲಿ ನಾಗನಿಗೆ ಸ್ಥಾನವಿತ್ತು. ನಾಗನ ಜೊತೆಗೆ ಕೆರೆಯೂ ದಾನವಾದದ್ದನ್ನು ಮರೆಯಬಾರದು. ನಾಗನೂ ನೀರೂ ಜೊತೆಯಾಗಿ ಇರುವದು ಅಂದಿನಿಂದಲೂ ಕಂಡುಬರುತ್ತದೆ. ಅಷ್ಟು ದೂರವೇಕೆ, ಜೇವರ್ಗಿಗೆ ದೂರವಲ್ಲದ ಭೀಮೆಯ ದಂಡೆಯಲ್ಲಿ, ಸನ್ನತಿಯ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿಯೂ ಹೆಡೆಯೆತ್ತಿದ ನಾಗನ ಶಿಲ್ಪವು ದೊರೆತಿದೆ. ಬುದ್ಧನನ್ನು ಮಳೆಯಿಂದ ಕಾಯ್ದ ಮುಚಲಿಂದ ನಾಗನ ಕಥೆಯು ಈ ಎರೆಯ ನೆಲದವರಿಗೂ ಎರಡು ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು.

ಕರಾವಳಿಯ ಮೂಲನಿವಾಸಿಗಳ ಆಚರಣೆಗಳು ಇದನ್ನೇ ದೃಢಪಡಿಸುತ್ತವೆ. ಕುಂದಾಪುರದ ಕಡೆ ಮೇರ ಸಮುದಾಯದವರು ನಡೆಸುವ ಕಾಡ್ಯನಾಟವು ಮಣ್ಣಿನ ಮಡಕೆಗಳನ್ನು ಇಟ್ಟು ಸರ್ಪವನ್ನು ಆರಾಧಿಸುವ ವಿಧಿ. ಅದಕ್ಕೆ ವೇದಮಂತ್ರದ ಹಂಗಿಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಗರುಡನಿಗೆ ಹೆದರಿದ ವಾಸುಕಿಯು ಬಿಲದ್ವಾರದಲ್ಲಿ ಅಡಗಿದ್ದನೆಂಬ ಪುರಾಣವನ್ನು ವಿದ್ವಾಂಸರು ಓದುತ್ತಾರೆ. ಆದರೆ ಅಲ್ಲಿಯ ಬ್ರಹ್ಮರಥವನ್ನು ಬೆತ್ತದಿಂದ ಕಟ್ಟುವ ಹಕ್ಕು ಕಾಡಿನ ಮಲೆಕುಡಿಯರದು. ಅವರ ಕೈ ತಾಗದೆ ರಥವು ಎದ್ದು ನಿಲ್ಲುವದಿಲ್ಲ. ಯಾರು ಮೊದಲು ಅಲ್ಲಿದ್ದರೆಂಬದನ್ನು ಗ್ರಂಥವು ಮರೆತರೂ ಆಚರಣೆಯು ಮರೆತಿಲ್ಲ. ಇದರಿಂದ ಸಿದ್ಧವಾಗುವದೇನೆಂದರೆ: ಘಟ್ಟ ಇಳಿದು ಬಂದವರು ನಾಗನಿಗೆ ನೆಲ ಬಿಡುವ ಪದ್ಧತಿಯನ್ನು ಅಲ್ಲಿ ಮೊದಲೇ ಇದ್ದವರಿಂದ ಕಲಿತರು, ಅದಕ್ಕೆ ಪುರಾಣದ ಬಟ್ಟೆ ತೊಡಿಸಿ ತಮ್ಮದನ್ನಾಗಿ ಮಾಡಿಕೊಂಡರು. ಪರಶುರಾಮನ ಕಟ್ಟಳೆಯೆಂದು ಹೇಳಿಕೊಂಡದ್ದು ಬಹುಶಃ ಕಾಡಿನವನ ಬುದ್ಧಿವಾದ. ಇದರಲ್ಲಿ ಬಂದವರಿಗೆ ಕುಂದೇನೂ ಇಲ್ಲ. ಬಲ್ಲವನಿಂದ ಕಲಿಯುವದು ವಿದ್ಯಾವಂತನ ಲಕ್ಷಣವೇ ಆಗಿದೆ.

ಒಡಂಬಡಿಕೆಯ ಸ್ವರೂಪ

ನಾಗಬನದ ನಿಯಮಗಳು ಕೆಲವೇ. ಕುಟುಂಬದ ಮೂಲಭೂಮಿಯಲ್ಲಿ ಒಂದು ತುಂಡನ್ನು ಬೇಸಾಯಕ್ಕೆ ತೆಗೆಯದೆ ಬಿಡಬೇಕು. ಅದರಲ್ಲಿ ಮರ ಕಡಿಯಕೂಡದು, ತರಗೆಲೆ ಗುಡಿಸಕೂಡದು, ಬೇಟೆಯಾಡಕೂಡದು. ವರ್ಷದಲ್ಲಿ ಒಂದೆರಡು ಸಲ, ತಂಬಿಲದ ದಿನ ಮತ್ತು ಪಂಚಮಿಯ ದಿನ, ಒಳಗೆ ಹೋಗಿ ನಾಗನ ಕಲ್ಲಿಗೆ ತನು ಎರೆದು, ಅಡಕೆಯ ಹಿಂಗಾರ, ಎಳನೀರು, ಅರಸಿನಗಳನ್ನು ಅರ್ಪಿಸಿ ಹಿಂದಿರುಗಬೇಕು. ಉಳಿದ ದಿನಗಳಲ್ಲಿ ಆ ಕಡೆ ಸುಳಿಯಬಾರದು. ನಾಗರಹಾವು ಸತ್ತು ಬಿದ್ದಿರುವದು ಕಂಡರೆ ಮನುಷ್ಯನಿಗೆ ಮಾಡುವಂತೆ ಸಂಸ್ಕಾರ ಮಾಡಿ ದಹಿಸಬೇಕು. ಅದನ್ನು ಕೊಂದವನ ಕುಲಕ್ಕೆ ದೋಷ ತಟ್ಟುವದು.

ಇಷ್ಟರಿಂದ ಆದ ಫಲವನ್ನು ಲೌಕಿಕ ದೃಷ್ಟಿಯಿಂದ ಎಣಿಸಿ ನೋಡಬಹುದು. ರೆಂಜೆ, ಸುರಹೊನ್ನೆ, ಪಾಲೆ, ಬೈನೆ ಮೊದಲಾದ ಮರಗಳೂ ಬೆತ್ತದ ಬಳ್ಳಿಗಳೂ ಊರ ನಡುವೆಯೇ ಉಳಿದವು. ತರಗೆಲೆಯ ಹಾಸಿಗೆಯ ಮೇಲೆ ಬಿದ್ದ ಮಳೆಯು ಓಡಿಹೋಗದೆ ನೆಲಕ್ಕೆ ಇಂಗಿ ಬಾವಿಗಳಿಗೆ ಬಂದಿತು. ಹಾವಿಗೆ ಬಿಲವೂ, ನೆರಳೂ, ಮೊಟ್ಟೆಯಿಡುವ ತಾಣವೂ ಮನೆಯ ಹೊರಗೆ ದೊರೆತವು. ಅದು ಗದ್ದೆಯ ಇಲಿಗಳನ್ನು ತಿಂದು ಬತ್ತವನ್ನು ಉಳಿಸಿತು. ಮನುಷ್ಯನು ಆ ಕಡೆ ಹೋಗುವದನ್ನು ಬಿಟ್ಟುದರಿಂದ ಕಾಲಿನ ಕೆಳಗೆ ಹಾವು ಸಿಗುವ ಪ್ರಸಂಗವೂ ಕಡಿಮೆಯಾಯಿತು. ಈ ಲೆಕ್ಕವನ್ನು ಹಾಕಿ ಹಿರಿಯರು ಬನವನ್ನು ಬಿಟ್ಟರೆಂದು ಹೇಳಲಾಗದು. ಅವರು ಭಯದಿಂದಲೂ ಭಕ್ತಿಯಿಂದಲೂ ಬಿಟ್ಟರು. ಲೆಕ್ಕವು ತಾನಾಗಿಯೇ ಸರಿಹೋಯಿತು.

ನಾಗನೊಬ್ಬನೇ ಈ ಒಡಂಬಡಿಕೆಗೆ ಸೇರಿದವನಲ್ಲ. ಬೆಳೆಯನ್ನು ಹಾಳುಮಾಡುವ ಕಾಡುಹಂದಿಯು ತುಳುನಾಡಿನಲ್ಲಿ ಪಂಜುರ್ಲಿಯೆಂಬ ದೈವವಾಗಿದೆ. ದನ ಹಿಡಿಯುವ ಹುಲಿಯು ಪಿಲಿಚಾಮುಂಡಿಯಾಗಿದೆ. ಉತ್ತರ ಕನ್ನಡದಲ್ಲಿ ಹುಲಿದೇವರ ಕಲ್ಲುಗಳುಂಟು. ಕೋಲದ ರಾತ್ರಿ ಆ ದೈವವು ಊರಿನವರ ಎದುರಿಗೆ ನಿಂತು ನ್ಯಾಯ ಕೇಳುತ್ತದೆ, ಅಭಯ ಕೊಡುತ್ತದೆ. ಕಾಡಿನ ಪ್ರಾಣಿಯೊಡನೆ ವರ್ಷಕ್ಕೊಮ್ಮೆ ಮಾತಾಡಿ ಗಡಿಯನ್ನು ಗೊತ್ತುಪಡಿಸಿಕೊಳ್ಳುವ ವ್ಯವಸ್ಥೆಯಿದು. ಇದನ್ನು ಪ್ರಾಣಿಗಳ ಮೇಲಿನ ಪ್ರೀತಿಯೆಂದು ಬಣ್ಣಿಸುವದು ಸರಿಯಲ್ಲ. ನೆರೆಹೊರೆಯ ಇಬ್ಬರು ಒಕ್ಕಲಿಗರು ಬದುವಿನ ಕಲ್ಲನ್ನು ಕಿತ್ತುಹಾಕದೆ ಇರುವಂಥ ಮರ್ಯಾದೆಯಿದು.

ಅದರ ಮಿತಿ

ಹಳೆಯದನ್ನೆಲ್ಲ ಹೊಗಳುವದು ಇತಿಹಾಸಕಾರನ ಕೆಲಸವಲ್ಲ. ಈ ಒಡಂಬಡಿಕೆಗೆ ಕುಂದುಗಳೂ ಇದ್ದವು. ಮೊದಲನೆಯದಾಗಿ, ಪೂಜೆಯೆಲ್ಲ ಹೆಡೆಯುಳ್ಳ ನಾಗನಿಗೆ ಮಾತ್ರ ಸಂದಿತು. ಕಟ್ಟುಹಾವಿಗೂ ಮಂಡಲಕ್ಕೂ, ಕೆಲವೆಡೆ ಏನೂ ಅರಿಯದ ಕೇರೆಗೂ, ದೊಣ್ಣೆಯೇ ಗತಿಯಾಯಿತು. ಎರಡನೆಯದಾಗಿ, ಹಾವಿಗೆ ಹಾಲು ಆಹಾರವಲ್ಲ. ಅದು ಮಾಂಸಾಹಾರಿ, ಬಾಯಾರಿದ ಹಾವಿಗೆ ಬಲವಂತದಿಂದ ಹಾಲು ಕುಡಿಸಿದರೆ ಅದಕ್ಕೆ ಅಪಾಯವೇ. ಕಲ್ಲಿಗೆ ಎರೆದ ಹಾಲು ಭಕ್ತಿಯಾದೀತು. ಹಾವಾಡಿಗನ ಬುಟ್ಟಿಯ ಹಾವಿಗೆ ಕುಡಿಸಿದ್ದು ಹಿಂಸೆಯಾದೀತು. ಮೂರನೆಯದಾಗಿ, ಭಕ್ತಿಯು ವಿಷಕ್ಕೆ ಮದ್ದಾಗಲಿಲ್ಲ. ಕಚ್ಚಿಸಿಕೊಂಡವನನ್ನು ಮಂತ್ರವಾದಿಯ ಜಗಲಿಯಲ್ಲಿ ಮಲಗಿಸಿ ಕಳೆದ ಹೊತ್ತಿನಲ್ಲಿ ಎಷ್ಟೋ ಪ್ರಾಣಗಳು ಹೋದವು.

ಈ ವಿಷಯದಲ್ಲಿ ಹೊರಗಿನ ವಿದ್ಯೆಗೆ ಕೃತಜ್ಞರಾಗಿರಬೇಕು. ಕಂಪನಿ ಸರಕಾರದ ಸೇವೆಯಲ್ಲಿದ್ದ ಪ್ಯಾಟ್ರಿಕ್ ರಸೆಲ್ಲನು ೧೭೯೬ರಲ್ಲಿ ಭಾರತದ ಹಾವುಗಳನ್ನು ಕುರಿತು ಚಿತ್ರಸಹಿತವಾದ ಗ್ರಂಥವನ್ನು ಪ್ರಕಟಿಸಿ ಸವಿಷ ನಿರ್ವಿಷಗಳನ್ನು ಗುರುತಿಸುವ ದಾರಿಯನ್ನು ತೋರಿಸಿದನು. ಕೊಳಕುಮಂಡಲಕ್ಕೆ ಇಂಗ್ಲಿಷರು ಆತನ ಹೆಸರನ್ನೇ ಇಟ್ಟಿದ್ದಾರೆ. ೧೮೯೫ರ ಸುಮಾರಿಗೆ ಫ್ರಾನ್ಸ ದೇಶದ ಆಲ್ಬರ್ಟ್ ಕಾಲ್ಮೆಟ್ಟನು ವಿಷಕ್ಕೆ ಪ್ರತಿವಿಷವನ್ನು ಸಿದ್ಧಪಡಿಸಿದನು. ಇಷ್ಟಾದರೂ ೨೦೦೦ದಿಂದ ೨೦೧೯ರ ವರೆಗಿನ ೨೦ ವರ್ಷಗಳಲ್ಲಿ ಭಾರತದಲ್ಲಿ ಸುಮಾರು ೧೨ ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ ೫೮ ಸಾವಿರ ಜನರು, ಹಾವು ಕಚ್ಚಿ ಸತ್ತರೆಂದು ವೈದ್ಯವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಬಹುಜನರು ಹಳ್ಳಿಗರು. ಕರ್ನಾಟಕ ಸರಕಾರವು ೨೦೨೪ರ ಫೆಬ್ರುವರಿಯಲ್ಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕಡ್ಡಾಯಗೊಳಿಸಿತು. ನಾಗನಿಗೆ ನೆಲ ಬಿಡುವದೂ, ಕಚ್ಚಿಸಿಕೊಂಡವನನ್ನು ಒಡನೆ ಆಸ್ಪತ್ರೆಗೆ ಸೇರಿಸುವದೂ ಒಂದಕ್ಕೊಂದು ವಿರೋಧವಲ್ಲ. ಎರಡೂ ಸೇರಿದರೇ ಒಡಂಬಡಿಕೆಯು ಪೂರ್ಣವಾಗುವದು.

ಒಡಂಬಡಿಕೆಯು ಸಡಿಲವಾದ ಬಗೆ

ಟಿಪ್ಪುವಿನ ಪತನದ ಅನಂತರ, ೧೮೦೧ರಲ್ಲಿ, ಫ್ರಾನ್ಸಿಸ್ ಬುಕಾನನ್ನನು ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದನು. ಉತ್ತರದ ಭಾಗದಲ್ಲಿ ಕಾಡುಗಳೆಲ್ಲ ಆಯಾ ಊರಿನ ದೇವರ ಸೊತ್ತೆಂದೂ, ಊರ ಗೌಡನೇ ಪೂಜಾರಿಯಾಗಿದ್ದು ಆತನ ಮೂಲಕ ದೇವರ ಅಪ್ಪಣೆ ಪಡೆಯದೆ ಮರ ಕಡಿದವನಿಗೆ ದೇವರ ಕೋಪ ತಟ್ಟುವದೆಂದು ಜನರು ನಂಬುತ್ತಾರೆಂದೂ ಆತನು ಬರೆದಿಟ್ಟಿದ್ದಾನೆ. ಸರಕಾರವು ಕಾಡನ್ನು ತನ್ನದೆಂದು ಹೇಳದಂತೆ ತಡೆಯುವದಕ್ಕೆ ಇದೊಂದು ಹೂಟವೆಂದು ಆತನಿಗೆ ತೋರಿತು. ಒಂದು ರೀತಿಯಿಂದ ಆತನ ಅನುಮಾನವು ನಿಜವೇ ಆಗಿತ್ತು: ಯಾವ ಒಬ್ಬ ಮನುಷ್ಯನೂ, ಯಾವ ಸರಕಾರವೂ ತನ್ನದೆಂದು ಹೇಳಲಾರದಂತೆ ಮಾಡುವದೇ ದೇವರ ಹೆಸರಿನ ಪ್ರಯೋಜನವಾಗಿತ್ತು. ಮುಂದೆ ಕನ್ನಡ ಜಿಲ್ಲೆಯು ಇಬ್ಭಾಗವಾಗಿ ೧೮೬೨ರಲ್ಲಿ ಉತ್ತರವು ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣವು ಮದರಾಸಿನಲ್ಲಿ ಉಳಿಯಿತು. ಎರಡು ಕಡೆಗಳಲ್ಲಿಯ ಅರಣ್ಯದ ಕಾಯಿದೆಗಳು ದೊಡ್ಡ ಕಾಡುಗಳನ್ನು ಸರಕಾರದ ವಶಕ್ಕೆ ತಂದವು. ಮನೆಯ ಮೂಲೆಯ ನಾಗಬನವು ಮಾತ್ರ ಕಾಯಿದೆಯ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿದ್ದುದರಿಂದ ಉಳಿಯಿತು.

ಅದನ್ನು ಸಡಿಲಿಸಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧ. ಭೂಸುಧಾರಣೆಯ ಕಾಯಿದೆಯು ೧೯೭೪ರಲ್ಲಿ ತಿದ್ದುಪಡಿಯಾಗಿ ಉಳುವವನಿಗೆ ಹೊಲದ ಒಡೆತನವನ್ನು ತಂದಿತು. ಅದು ನ್ಯಾಯವಾದ ಕೆಲಸವೇ ಸರಿ. ಆದರೆ ಹಳೆಯ ಭೂಮಿಯು ಹೊಸಬರ ಕೈ ಸೇರಿದಾಗ ಅದರೊಳಗಿನ ಬನವು ಯಾರ ಹೊಣೆಯೆಂಬದು ಅನಿಶ್ಚಿತವಾಯಿತು. ಮನೆತನಗಳು ಪಾಲಾದವು, ಮಕ್ಕಳು ಮುಂಬಯಿ, ಬೆಂಗಳೂರುಗಳಿಗೂ, ಕಡಲಾಚೆಗೂ ಹೋದರು. ಎರಡು ತಲೆಮಾರು ಕಳೆದ ಮೇಲೆ ಯಾವದೋ ಕಷ್ಟ ಬಂದಾಗ, ಪ್ರಶ್ನೆ ಕೇಳಿಸಿ, ತಮ್ಮ ಮೂಲನಾಗನು ಎಲ್ಲಿದ್ದಾನೆಂದು ಹುಡುಕಿಕೊಂಡು ಅವರು ಊರಿಗೆ ಮರಳುತ್ತಾರೆ. ಆ ಹುಡುಕಾಟವು ಹಾಸ್ಯಕ್ಕೆ ವಿಷಯವಲ್ಲ. ನೆಲವನ್ನು ಬಿಟ್ಟುಹೋದವನಿಗೆ ಆ ನೆಲದ ಋಣವು ನೆನಪಾಗುವ ಬಗೆಗಳಲ್ಲಿ ಅದೂ ಒಂದು.

ದುರ್ದೈವವೆಂದರೆ, ಮರಳಿ ಬಂದವರ ಭಕ್ತಿಯೇ ಬನಕ್ಕೆ ಮುಳುವಾಯಿತು. ಹುಲ್ಲು ಬಳ್ಳಿಗಳು ಮುಸುಕಿದ ಬನವು ಅವರಿಗೆ ಅನಾದರದ ಗುರುತಾಗಿ ಕಂಡಿತು. ಮರಗಳನ್ನು ಕಡಿಸಿ, ನೆಲಕ್ಕೆ ಕಾಂಕ್ರೀಟು ಹಾಕಿಸಿ, ನುಣ್ಣನೆಯ ಕಟ್ಟೆ ಕಟ್ಟಿಸಿ, ಅದರ ಮೇಲೆ ನಾಗನ ಕಲ್ಲನ್ನು ಕೂರಿಸಿದರು. ಸುತ್ತಲೂ ಗೋಡೆ, ಬಾಗಿಲಿಗೆ ಬೀಗ. ಹೀಗೆ ಮಾಡಿದವರಿಗೂ ಕಾರಣಗಳಿಲ್ಲದಿಲ್ಲ. ಪಾಲಾಗಿ ಪಾಲಾಗಿ ನೆಲವು ನಾಲ್ಕಾರು ಸೆಂಟ್ಸಿಗೆ ಇಳಿದಿದೆ. ಮನೆಯ ಗೋಡೆಗೆ ತಾಗಿದ ಪೊದೆಯಲ್ಲಿ ಮಕ್ಕಳು ಆಡುತ್ತಾರೆ. ದೇವರಿಗೆ ಒಳ್ಳೆಯದನ್ನೇ ಮಾಡಿಸಬೇಕೆಂಬ ಆಸೆ ಯಾರಿಗಿಲ್ಲ? ಆದರೂ ಒಂದು ಪ್ರಶ್ನೆಯು ಉಳಿಯುತ್ತದೆ. ಕಲ್ಲಿನ ನಾಗನಿಗೆ ಗುಡಿಯಾಯಿತು. ಜೀವದ ನಾಗನು ಎಲ್ಲಿಗೆ ಹೋಗಬೇಕು? ಬಿಲವು ಮುಚ್ಚಿದ ಮೇಲೆ ಅವನು ಕೊಟ್ಟಿಗೆಗೂ, ಸೌದೆಯ ರಾಶಿಗೂ, ಅಡಿಗೆಮನೆಗೂ ಬರುತ್ತಾನೆ. ಅಥವಾ ಹೆದ್ದಾರಿಯ ಮೇಲೆ ಗಾಲಿಗೆ ಸಿಕ್ಕುತ್ತಾನೆ. ಹೆದ್ದಾರಿಯಲ್ಲಿ ಸತ್ತ ಸರ್ಪಕ್ಕೆ ಸಂಸ್ಕಾರ ಮಾಡಿಸುವ ಧರ್ಮಬುದ್ಧಿಯು ಇನ್ನೂ ಉಳಿದಿದೆ. ಅದು ಬದುಕುವಂತೆ ಬನವನ್ನು ಉಳಿಸುವ ಬುದ್ಧಿಯು ಕ್ಷೀಣಿಸಿದೆ. ಇದನ್ನರಿತ ಕೆಲವರು ಕರಾವಳಿಯಲ್ಲಿ ಈಚೆಗೆ ನಾಗಬನಗಳಲ್ಲಿ ಮತ್ತೆ ಕಾಡುಮರಗಳನ್ನು ನೆಡುವ ಕೆಲಸಕ್ಕೆ ತೊಡಗಿರುವದು ಸಂತೋಷದ ಮಾತು.

ಉಪಸಂಹಾರ

ಈ ಇತಿಹಾಸವು ಭೀಮಾತೀರದ ವಾಚಕರಿಗೆ ಏಕೆ ಬೇಕು? ಎರಡು ಕಾರಣಗಳಿಂದ. ಕಡಲ ತೀರಕ್ಕೆ ಇಂದಿಗೂ ಹೊಸಬರು ಬರುತ್ತಲೇ ಇದ್ದಾರೆ, ಅವರು ಅಹಿಚ್ಛತ್ರದವರಲ್ಲ. ಮಳೆ ಕೈಕೊಟ್ಟ ವರ್ಷ ಕಲಬುರಗಿ, ರಾಯಚೂರು, ಕೊಪ್ಪಳ, ಬಾಗಲಕೋಟೆಗಳ ದುಡಿಯುವ ಜನರು ಮಂಗಳೂರು ಉಡುಪಿಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಗುಡ್ಡ ಕಡಿದ ಜಾಗದಲ್ಲಿ, ತಗಡಿನ ಶೆಡ್ಡಿನಲ್ಲಿ, ನೆಲದ ಮೇಲೆ ಹಾಸಿ ಮಲಗುತ್ತಾರೆ. ಬಿಲ ಕಳೆದುಕೊಂಡ ಹಾವೂ ರಾತ್ರಿ ಅಲ್ಲಿಯೇ ಸುಳಿಯುತ್ತದೆ. ಮಲಗಿದವರನ್ನು ಸದ್ದಿಲ್ಲದೆ ಕಚ್ಚುವ ಕಟ್ಟುಹಾವಿನ ವಿಷಯವನ್ನೂ, ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗುವದರಿಂದ ಪ್ರಾಣ ಉಳಿಯುವದೆಂಬದನ್ನೂ ಅವರಿಗೆ ಹೇಳುವವರಿಲ್ಲ. ಹಿಂದೆ ಘಟ್ಟ ಇಳಿದವರಿಗೆ ಹೇಳಿಕೊಡಲು ಕಾಡಿನವನೊಬ್ಬನಿದ್ದನು. ಇಂದು ಇಳಿಯುವವರಿಗೆ ಆ ನಾಡಿನವರೂ, ಕೆಲಸ ಕೊಡುವವರೂ ಅದನ್ನು ಹೇಳಿಕೊಡಬೇಕಾಗಿದೆ.

ಎರಡನೆಯ ಕಾರಣವು ಮನೆಯ ಹತ್ತಿರದ್ದು. ನೆಲೋಗಿಯ ಹುತ್ತಕ್ಕೆ ಬನವಿಲ್ಲ. ಅದಕ್ಕೆ ಇದ್ದ ಆಸರೆಯೆಂದರೆ ಹೊಲದ ಬದು, ಬದುವಿನ ಮೇಲಣ ಬೇವು ಬನ್ನಿಗಳು, ಅವುಗಳ ಬುಡದ ಹುಲ್ಲು. ಎತ್ತಿನ ನೇಗಿಲು ಬದುವಿನ ಬಳಿ ತಿರುಗಿಕೊಳ್ಳುತ್ತಿತ್ತು. ಟ್ರ್ಯಾಕ್ಟರಿಗೆ ಬದುವೇ ಅಡ್ಡಿಯಾಗುತ್ತದೆ. ಒಂದು ಸಾಲು ಹೆಚ್ಚು ತೊಗರಿಗಾಗಿ ಬದು ಕರಗಿದಾಗ ಹುತ್ತವೂ ಅದರೊಡನೆ ಹೋಗುತ್ತದೆ. ಇಲಿಗಳು ಮಾತ್ರ ಉಳಿಯುತ್ತವೆ. ಕರಾವಳಿಯವರು ಒಂದು ಮೂಲೆಯನ್ನು ಬಿಟ್ಟದ್ದು ಸರ್ಪಗಳ ಭಯದಿಂದ ಇರಬಹುದು. ಕಲಿಸಿದವನು ಪರಶುರಾಮನೋ ಮಲೆಕುಡಿಯನೋ ಯಾರೇ ಇರಬಹುದು. ಬಂದವನಿಗೆ ನೆಲವೆಲ್ಲ ತನ್ನದಲ್ಲವೆಂಬ ಅರಿವು ಅದರಲ್ಲಿತ್ತು. ವರ್ಷಕ್ಕೊಮ್ಮೆ ಹುತ್ತಕ್ಕೆ ಹಾಲೆರೆಯುವ ಕೈಗಳು ವರ್ಷವೆಲ್ಲ ಆ ಹುತ್ತವಿರುವ ಬದುವನ್ನು ಕಾಯ್ದರೆ, ಪಂಚಮಿಯ ದಿನ ಹೆಣ್ಣುಮಕ್ಕಳು ಅರಳನ್ನು ಹಿಡಿದು ಹೋಗುವದಕ್ಕೆ ಮುಂದೆಯೂ ಒಂದು ಜಾಗ ಉಳಿದೀತು.